ಬಲ್ಬಿಗಿಂತ ಮೊದಲು ವಯರು ನೋಡಿ

ರಾತ್ರಿ ನಮ್ಮ ಜಗಲಿಯಲ್ಲಿ ಕೂತು ನಾರಾವಿಯಿಂದ ಹೊಸ್ಮಾರು ಕಡೆಗೆ ಹೋಗುವ ಹಳೇ ಲಾರಿಗಳನ್ನು ನೋಡಿದರೆ ಅವುಗಳಲ್ಲಿ ಎರಡೇ ಜಾತಿ. ಒಂದು ಲಾಟೀನು ಕಟ್ಟಿಕೊಂಡು ಹೊರಟಂಥದ್ದು. ಇನ್ನೊಂದು ಎದುರು ಬರುವವನ ಕಣ್ಣಿಗೆ ಮೆಣಸಿನ ಪುಡಿ ಎರಚುವಂಥದ್ದು. ಸೂರ್ಯನಾರಾಯಣ ದೇವರೇ ನೆಲೆಸಿರುವ ಊರಲ್ಲಿ ಬೆಳಕಿಗೆ ಈ ಅವಸ್ಥೆಯೇ ಅಂತ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ನಾನು ಸ್ಟೇರಿಂಗ್ ಹಿಡಿದವಳಲ್ಲ, ನಿಜ. ಆದರೆ ಕೆಂಪುಕಲ್ಲು ಸಾಗಿಸುತ್ತಿದ್ದ ನಮ್ಮ ಮನೆಯ 407 ಲಾರಿಯ ಖರ್ಚಿನ ಪುಸ್ತಕ ಬರೆದವಳು ನಾನೇ. ಒಂದೇ ಮಳೆಗಾಲದಲ್ಲಿ ಐದು ಸಲ ‘ಬಲ್ಬು’ ಅಂತ ಬರೆದ ಮೇಲೆ, ಇದು ಬಲ್ಬಿನ ದೋಷವೇ ಅಂತ ಕೇಳಿದೆ. ಮನೆಯವರು ಬೊನೆಟ್ ಎತ್ತಿ ತೋರಿಸಿದರು. ಹೋಲ್ಡರ್ ಕರಗಿ ಬೆಲ್ಲದ ಹಾಗೆ ಆಗಿತ್ತು. ಅದರ ಹಿಂದಿನ ತಾಮ್ರದ ಎಳೆಗಳು ಹಸಿರು ಪಾಚಿ ಹಿಡಿದಿದ್ದವು. ಅಂದಿನಿಂದ ನನ್ನದು ಒಂದೇ ಮಾತು: ದುಡ್ಡನ್ನು ಮೊದಲು ವಯರಿಗೆ ಹಾಕಿ, ಬಲ್ಬಿಗೆ ಆಮೇಲೆ.

ಹಳೇ ಗಾಡಿಗಳಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಪ್ ಸ್ವಿಚ್ಚು, ನಡುವೆ ಸಿಗುವ ನಾಲ್ಕಾರು ಜೋಡಣೆ, ಎಲ್ಲವನ್ನೂ ಸುತ್ತಿ ದೀಪಕ್ಕೆ ಬರುತ್ತದೆ. ದಾರಿಯುದ್ದಕ್ಕೂ ವೋಲ್ಟೇಜ್ ಸ್ವಲ್ಪ ಸ್ವಲ್ಪ ಸೋರುತ್ತದೆ. ಹ್ಯಾಲೊಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಕಡಿಮೆಯಾಗುವುದು ಹತ್ತಲ್ಲ, ಸುಮಾರು ಮೂವತ್ತು. ನೀವೇ ನೋಡಿ: ಇಂಜಿನ್ ಚಾಲೂ ಇಟ್ಟು, ಲೈಟು ಹಾಕಿ, ಮೀಟರ್ ಹಿಡಿಸಿ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಹೋಲ್ಡರಿನಲ್ಲಿ 12 ತೋರಿಸಿದರೆ ಕಳ್ಳ ನಡುದಾರಿಯಲ್ಲಿದ್ದಾನೆ. ಬಲ್ಬಿಗೆ ಬೈದು ಫಲವಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನೀವು ಮಾಡುವುದೇನು? ಅಂಗಡಿಗೆ ಹೋಗಿ 100/90 ವ್ಯಾಟಿನ ಬಲ್ಬು ತಂದು ಅದೇ ಸೊರಗಿದ ವಯರಿಗೆ ಸಿಕ್ಕಿಸುತ್ತೀರಿ. ಮೂಗಿಗಿಂತ ಮೂಗುತಿ ಭಾರ! ಕಂಪೆನಿ ಕೊಟ್ಟ 60/55ರ ಎರಡು ಬಲ್ಬುಗಳಿಗೆ ಹೈ ಬೀಮಿನಲ್ಲಿ 10 ಆಂಪಿಯರ್ ಸಾಕು. ನಿಮ್ಮ ಬಲ್ಬುಗಳಿಗೆ ಹತ್ತಿರ ಹತ್ತಿರ 17 ಬೇಕು. ಸ್ವಿಚ್ಚು ಕರಗದೆ ಇನ್ನೇನಾಗುತ್ತದೆ?

ಇದಕ್ಕೆ ಮದ್ದು ರಿಲೇ. ಹೆದರಬೇಡಿ, ಅದು ನಿಮ್ಮ ಅಡಿಕೆ ತೋಟದ ಪಂಪಿನ ಸ್ಟಾರ್ಟರ್ ಇದ್ದ ಹಾಗೆಯೇ. ನೀವು ಒತ್ತುವ ಗುಂಡಿಯಲ್ಲಿ ಹರಿಯುವುದು ಅಷ್ಟಿಷ್ಟು. ಮೋಟಾರಿನ ಭಾರವನ್ನೆಲ್ಲ ಹೊರುವುದು ಒಳಗಿನ ಕಾಂಟ್ಯಾಕ್ಟು. ಇಲ್ಲಿಯೂ ಹಳೇ ಸ್ವಿಚ್ಚು ರಿಲೇಗೆ ಬರಿಯ ಸನ್ನೆ ಮಾಡುತ್ತದೆ, ದೀಪದ ಕರೆಂಟು ಬ್ಯಾಟರಿಯಿಂದ ದಪ್ಪ ವಯರಿನಲ್ಲಿ ನೇರ ಬರುತ್ತದೆ. ಡಿಪ್ಪಿಗೊಂದು, ಹೈ ಬೀಮಿಗೊಂದು, ಹೀಗೆ ಎರಡು ರಿಲೇ ಹಾಕಿಸಿ. ವಯರು 2.5 ಚದರ ಮಿಲಿಮೀಟರಿಗೆ ಕಡಿಮೆ ಬೇಡ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಸಿ. ಎಲ್ಲ ಮುಗಿದ ಮೇಲೆ ಕೊನೆಗೆ ಹಾಕುವುದೂ ಅದನ್ನೇ.

ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಎರಡು ಮಾರು ದೂರದಲ್ಲಿಟ್ಟರೆ, ಅಲ್ಲಿಗೆ ತಲುಪುವ ಮೊದಲೇ ವಯರು ಬಾಡಿಗೆ ಉಜ್ಜಿ ಸುಟ್ಟರೆ ಕಾಯುವವರು ಯಾರು? ಎಡದ ದೀಪಕ್ಕೊಂದು, ಬಲದ ದೀಪಕ್ಕೊಂದು ಬೇರೆ ಬೇರೆ ಫ್ಯೂಸು ಇದ್ದರೆ ಇನ್ನೂ ಚೆಂದ. ತಿರುವಿನಲ್ಲಿ ಎರಡೂ ಒಟ್ಟಿಗೆ ಕಣ್ಣು ಮುಚ್ಚುವುದಿಲ್ಲ. ಫ್ಯೂಸು ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರನ್ನು ಕಂಡಿದ್ದೇನೆ. ನಿಮ್ಮ ಮುಖ ನೋಡಿದರೆ ನೀವೂ ಸುತ್ತಿದ್ದೀರಿ ಅನಿಸುತ್ತದೆ. ಸೆರಗಿನಲ್ಲಿ ಕೆಂಡ ಕಟ್ಟಿಕೊಳ್ಳುವ ಕೆಲಸ ಅದು. ಹಾಗೆಯೇ ವಯರನ್ನು ಹಲ್ಲಿನಲ್ಲಿ ಸುಲಿದು, ತಿರುಚಿ, ಟೇಪು ಸುತ್ತುವ ಚಾಳಿಯನ್ನೂ ಬಿಡಿ. ನಮ್ಮ ಮಳೆಗೆ ಆ ಟೇಪು ಆಟಿ ತಿಂಗಳೂ ದಾಟುವುದಿಲ್ಲ. ಲಗ್ ಹಾಕಿ ಒತ್ತಿಸಿ, ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕೂರಿಸಿ, ಮೇಲೆ ಸುರುಳಿ ಪೈಪು ಹಾಕಿಸಿ. ಶೆಡ್ಡಿನ ಇಲಿಗಳಿಗೂ ಸ್ವಲ್ಪ ಕಷ್ಟವಾಗಲಿ.

ಅರ್ಥ್ ವಯರನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹೋದಷ್ಟೇ ಕರೆಂಟು ತಿರುಗಿ ಬರಬೇಕಲ್ಲ! ಬಣ್ಣದ ಮೇಲೆ, ತುಕ್ಕಿನ ಮೇಲೆ ಬೋಲ್ಟು ಬಿಗಿದರೆ ಏನು ಬಂತು? ಚಾಸಿ ಹೊಳೆಯುವ ತನಕ ಉಜ್ಜಿ ಬಿಗಿಸಿ, ಮೇಲೆ ಗ್ರೀಸು ಸವರಿ.

ದೊಡ್ಡ ಲಾರಿಯವರಿಗೆ ಬೇರೆ ಒಂದು ಮಾತಿದೆ. ನಿಮ್ಮದು ಎರಡು ಬ್ಯಾಟರಿಯ 24 ವೋಲ್ಟಿನ ಗಾಡಿಯಾದರೆ ಬಲ್ಬು, ರಿಲೇ ಎರಡೂ 24ರದ್ದೇ ಬೇಕು. ಹಾಡು ಕೇಳಲು ಒಂದೇ ಬ್ಯಾಟರಿಯಿಂದ 12 ವೋಲ್ಟು ಕದಿಯಬೇಡಿ. ಒಂದು ಬ್ಯಾಟರಿ ಹಸಿದು ಸಾಯುತ್ತದೆ, ಇನ್ನೊಂದು ಉಂಡು ಉಂಡು ಸಾಯುತ್ತದೆ.

ಇನ್ನು ಎಲ್‌ಇಡಿ. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಅಗ್ಗದ ಎಲ್‌ಇಡಿ ಕೂರಿಸಿದರೆ ಬೆಳಕು ರಸ್ತೆಗೆ ಬೀಳುವುದಿಲ್ಲ, ದಿಕ್ಕೆಟ್ಟು ಚದುರುತ್ತದೆ. ನಿಮಗೆ ಜಗ್ಗನೆ ಬೆಳಗಿದ ಹಾಗೆ ಕಂಡರೂ ಎದುರಿನ ಬೈಕಿನವನಿಗೆ ರಸ್ತೆಯೇ ಮಾಯ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಇಂಥ ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಿದ್ದು ಸುಮ್ಮನೆ ಅಲ್ಲ. ಕಂಪೆನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. ಎಫ್‌ಸಿಗೆ ಹೋಗುವ ಹಿಂದಿನ ದಿನ ಬಿಚ್ಚಿ, ಮರುದಿನ ಮತ್ತೆ ಹಾಕುವ ನಾಟಕ ಬೇಡ. ಮಾಳ ದಾಟಿ ಕುದುರೆಮುಖದ ಕಡೆಗೋ ಚಾರ್ಮಾಡಿಗೋ ಹೋಗುವವರು ನೆನಪಿಡಿ, ಮಂಜಿನಲ್ಲಿ ಹೈ ಬೀಮು ಹಾಕಿದರೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಅಲ್ಲಿ ಡಿಪ್ಪೇ ಗತಿ.

ಒಳಗಿನ ಬೆಳ್ಳಿ ಬಣ್ಣ ಮಾಸಿದ ರಿಫ್ಲೆಕ್ಟರ್ ಇದ್ದರೆ ಇಡೀ ಲೈಟನ್ನೇ ಬದಲಿಸಿ, ಒರೆಸಿ ಪ್ರಯೋಜನವಿಲ್ಲ. ಹೊಸ ಬಲ್ಬಿನ ಗಾಜನ್ನು ಬೆರಳಲ್ಲಿ ಮುಟ್ಟಬೇಡಿ. ಜಿಡ್ಡು ತಾಗಿದ ಕಡೆ ಕಾದು ಬೇಗ ಹೋಗುತ್ತದೆ. ಲೈಟಿನ ನೇರ ನೋಡುವಾಗ ಮಾತ್ರ ಖಾಲಿ ಗಾಡಿ ನಿಲ್ಲಿಸಬೇಡಿ. ಕಲ್ಲು ತುಂಬಿದಾಗ ಹಿಂದೆ ಕುಸಿದು ಮೂತಿ ಮೇಲೇಳುತ್ತದೆ, ದೀಪ ಮರದ ತುದಿ ನೋಡುತ್ತದೆ. ಲೋಡಿನ ಸಮೇತ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡಿಪ್ಪಿನ ಮೇಲಿನ ಅಂಚು ದೀಪದ ಎತ್ತರಕ್ಕಿಂತ ಕನಿಷ್ಠ 10 ಸೆಂಟಿಮೀಟರ್ ಕೆಳಗೆ ಬರುವಂತೆ ತಿರುಪು ತಿರುಗಿಸಿ.

ಇದನ್ನೆಲ್ಲ ಪತ್ತನಾಜೆಯ ಒಳಗೆ ಮುಗಿಸಿ. ಮಳೆ ಹಿಡಿದ ಮೇಲೆ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದಿಲ್ಲ. ಸಿಕ್ಕಿದರೂ ಒದ್ದೆ ಕೈಯಲ್ಲಿ ಟೇಪೇ ಸುತ್ತುವುದು. ಯಾವ ಬಣ್ಣದ ವಯರು ಎಲ್ಲಿಗೆ ಹೋಗಿದೆ ಎಂದು ಅವನ ಕೈಯಲ್ಲೇ ಒಂದು ಚೀಟಿ ಬರೆಸಿ, ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಒಂದು ಬಲ್ಬು, ಎರಡು ಫ್ಯೂಸಿನ ಜೊತೆ ಗಾಡಿಯ ಪೆಟ್ಟಿಗೆಯಲ್ಲಿಡಿ. ಕ್ಲೀನರ್ ಹುಡುಗನಿಗೂ ಒಮ್ಮೆ ತೋರಿಸಿ.