ಬಣ್ಣ ಒಣಗುವುದು ಯಾವ ಬದಲಾವಣೆ? – ಹಳೆಯ ಕಾರೊಂದನ್ನು ಇಟ್ಟುಕೊಂಡು ಮಾಡಿದ ಪಾಠ

ಏಳನೇ ತರಗತಿಯ ‘ಭೌತ ಮತ್ತು ರಾಸಾಯನಿಕ ಬದಲಾವಣೆಗಳು’ ಘಟಕಕ್ಕೆ ಮೇಣ, ತುಕ್ಕು ಎಂಬ ಮಾಮೂಲಿ ಉದಾಹರಣೆಗಳನ್ನು ಬಿಟ್ಟು ನಾನು ಒಂದು ಕಾರಿನ ಚಿತ್ರ ಒಯ್ದಿದ್ದೆ. ಅಮೆರಿಕದ ಷೆವರ್ಲೆ ಕಾರ್ವೆಟ್, 1953ರ ಮಾದರಿ. ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಆ ವರ್ಷ ತಯಾರಾದದ್ದು 300 ಕಾರುಗಳು ಮಾತ್ರ. ಎಲ್ಲವೂ ಬಿಳಿ, ಒಳಗೆಲ್ಲ ಕೆಂಪು. ಮೈ ಫೈಬರ್ ಗ್ಲಾಸಿನದು. ತುಕ್ಕಿನ ಮಾತೇ ಬಾರದೆ ಮಕ್ಕಳ ಗಮನ ಬಣ್ಣದ ಮೇಲೆ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ.

ಪೀಠಿಕೆಯಲ್ಲಿ, ಇಂಥ ಕಾರಿನ ಬಣ್ಣ ಮಂಕಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಹೊಸ ಪೇಂಟ್ ಹೊಡಿಸ್ತೀವಿ ಸಾರ್” ಎಂದು ಇಡೀ ತರಗತಿ ಕೂಗಿತು. ಕಾರ್ಖಾನೆಯಲ್ಲಿ ಬಳಿದ ಬಣ್ಣ ಉಳಿದಿದ್ದರೆ ಬಲ್ಲವರು ಅದನ್ನು ತೆಗೆಯುವುದಿಲ್ಲ, ಇರುವುದನ್ನೇ ಬದುಕಿಸುತ್ತಾರೆ ಎಂದೆ. ಅದು ಎಷ್ಟು ತೆಳುವೆಂದು ತಿಳಿಯಲು 200 ಪುಟದ ನೋಟ್‌ಪುಸ್ತಕದ ರಟ್ಟು ಬಿಟ್ಟು ಒಳಹಾಳೆಗಳ ದಪ್ಪ ಅಳೆಸಿದೆ. 8 ಮಿಲಿಮೀಟರ್ ಬಂತು. ಹಾಳೆಗಳು 100, ಅಂದರೆ ಒಂದಕ್ಕೆ 80 ಮೈಕ್ರಾನ್. ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ ಒಂದೆರಡು ಹಾಳೆಯಷ್ಟೇ. ಜೋರಾಗಿ ಉಜ್ಜಿದರೆ, ಅದರಲ್ಲೂ ಅಂಚುಗಳಲ್ಲಿ, ತಳ ಕಾಣಿಸಿಬಿಡುತ್ತದೆ. ಈ ಭಾಗ ಚೆನ್ನಾಗಿ ನಡೆಯಿತು.

ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ‘ಬಣ್ಣ ಒಣಗುವುದು – ಭೌತ ಬದಲಾವಣೆ’ ಎಂದು ಪಾಠ ಯೋಜನೆಯಲ್ಲಿದ್ದುದನ್ನೇ ಕಪ್ಪು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದ. “ಸಾರ್, ನಮ್ಮಪ್ಪ ಗ್ಯಾರೇಜಲ್ಲಿ ಪೇಂಟರ್. ಹಳೇ ಡೂಕೋ ಆದ್ರೆ ಥಿನ್ನರ್ ಬಟ್ಟೇಲಿ ಒರೆಸಿದ್ರೆ ಎದ್ದು ಬರುತ್ತೆ. ಎನಾಮಲ್ ಒಣಗಿದ್ಮೇಲೆ ಹಂಗೆ ಬರಲ್ಲ. ಎರಡೂ ಒಂದೇನಾ?” ನಾನು “ಎರಡೂ ಒಣಗುವುದೇ ಅಲ್ಲವೇ, ಕೂತ್ಕೊ” ಎಂದು ಮುಂದೆ ಹೋದೆ. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಹುಡುಗನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.”

ಹುಡುಗ ಹೇಳಿದ್ದು ಸರಿ. ಡೂಕೋ ಎಂಬುದು ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ತಂದ ಬಣ್ಣದ ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಕಾರಿಗೆ ಸ್ಪ್ರೇ ಹೊಡೆಯುವ ಕೆಲಸಕ್ಕೇ ಆ ಹೆಸರು ಅಂಟಿಕೊಂಡಿದೆ. ಅದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಆ ಕಾರ್ವೆಟ್‌ಗೆ ಬಳಿದದ್ದೂ ಇದೇ ಜಾತಿಯದು. ಅದರಲ್ಲಿ ದ್ರಾವಕ ಆವಿಯಾಗಿ ಹೋಗುತ್ತದೆ, ಅಷ್ಟೆ. ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಎನಾಮಲ್ ಹಾಗಲ್ಲ, ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಬೇರೆಯೇ ವಸ್ತುವಾಗಿ ಗಟ್ಟಿಯಾಗುತ್ತದೆ. ಒಂದು ಭೌತ, ಇನ್ನೊಂದು ರಾಸಾಯನಿಕ. ಹಳೆಯ ಕಾರಿನ ಬಣ್ಣ ಮೂಲದ್ದೋ ಆಮೇಲೆ ಬಳಿದದ್ದೋ ಎಂದು ನೋಡುವವರು ಕಣ್ಣಿಗೆ ಬೀಳದ ಮೂಲೆಯಲ್ಲಿ ಮಾಡುವ ಮೊದಲ ಪರೀಕ್ಷೆಯೂ ಆ ಪೇಂಟರ್ ಮಾಡುವುದೇ. ಕರಗದಿದ್ದರೆ ಅದು 1953ರ ಬಣ್ಣವಲ್ಲ. ಕರಗಿದರೂ ಪೂರ್ತಿ ನಂಬುವಂತಿಲ್ಲ, ಮುಂದೆ ಬಂದ ಅಕ್ರಿಲಿಕ್ ಲ್ಯಾಕರೂ ಕರಗುತ್ತದೆ.

ಮರುದಿನ ಅದೇ ತರಗತಿಯಲ್ಲಿ, ನಿನ್ನೆ ಬರೆದದ್ದು ತಪ್ಪು ಎಂದು ಹೇಳಿ ಶುರುಮಾಡಿದೆ. ಥಿನ್ನರ್ ತರಗತಿಗೆ ತರುವ ವಸ್ತುವಲ್ಲ. ಬದಲಿಗೆ ನೇಲ್ ಪಾಲಿಶ್ ತಂದೆ, ಅದೂ ನೈಟ್ರೋಸೆಲ್ಯುಲೋಸೇ. ಗಾಜಿನ ಚೂರಿನ ಮೇಲೆ ಒಣಗಿದ ಪಾಲಿಶ್ ರಿಮೂವರ್ ಹನಿಗೆ ಕರಗಿತು, ಬಿಟ್ಟರೆ ಮತ್ತೆ ಒಣಗಿತು. ಎನಾಮಲ್ ಬಳಿದ ಡಬ್ಬಿ ಮುಚ್ಚಳದ ಮೇಲೆ ಅದೇ ಹನಿ ಬಿದ್ದಾಗ ಬಣ್ಣ ಮೆತ್ತಗಾಗಿ ಸುಕ್ಕಾಯಿತು, ಕರಗಲಿಲ್ಲ. ಹುಡುಗನನ್ನೇ ಕರೆದು ಮಾಡಿಸಿದೆ.

ಇನ್ನು ಮಂಕಾಗುವುದು. ಬಿಸಿಲಿಗೆ ಬಣ್ಣದ ಬಂಧಕ ಒಡೆದು ವರ್ಣದ್ರವ್ಯ ಪುಡಿಯಾಗಿ ಮೇಲೆ ಉಳಿಯುತ್ತದೆ: ರಾಸಾಯನಿಕ ಬದಲಾವಣೆ. ಅದನ್ನು ಬದುಕಿಸುವವರು ಎಣ್ಣೆಯಂಶದ ಪಾಲಿಶನ್ನು ಹತ್ತಿಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ ರಾತ್ರಿಯಿಡೀ ಬಿಡುತ್ತಾರೆ, ಬೆಳಿಗ್ಗೆ ಹಗುರವಾಗಿ ಒರೆಸುತ್ತಾರೆ. ಬಟ್ಟೆಗೆ ಬಿಳಿ ಹತ್ತುತ್ತದೆ, ಯಾಕೆಂದರೆ ಮೇಲೆ ಪಾರದರ್ಶಕ ಪದರವಿಲ್ಲ. ಎಣ್ಣೆ ಸಣ್ಣ ಬಿರುಕುಗಳನ್ನು ತುಂಬುವುದರಿಂದ ಬೆಳಕು ಚದುರುವುದು ಕಡಿಮೆಯಾಗಿ ಹೊಳಪು ಬರುತ್ತದೆ. ಬೂದು ತಿರುಗಿದ ಸ್ಲೇಟಿನ ಅರ್ಧಕ್ಕೆ ಕೊಬ್ಬರಿ ಎಣ್ಣೆ ಸವರಿ ತೋರಿಸಿದೆ. ಆ ಅರ್ಧ ಕಪ್ಪಗೆ ಮಿಂಚಿತು.

“ಹಂಗಾದ್ರೆ ಆ ಬಿಳಿ ಪುಡಿ ವಾಪಸ್ ಪೇಂಟ್ ಆಗಲ್ವಾ ಸಾರ್?” ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಉತ್ತರವನ್ನು ಪೇಂಟರ್ ಮಗನೇ ಕೊಟ್ಟ: “ಆಗಲ್ಲ, ಅದು ಬೇರೆ ಆಗೋಯ್ತು.” ಮೌಲ್ಯಮಾಪನಕ್ಕೆ ಬರೆದುಕೊಂಡಿದ್ದ ಕೊನೆಯ ಪ್ರಶ್ನೆ ಅದೇ ಆಗಿತ್ತು. ಈ ಪಾಠ ಮಾಡುವವರು ಎರಡು ಅವಧಿ ಇಟ್ಟುಕೊಳ್ಳಿ, ಕಿಟಕಿಗಳನ್ನು ತೆರೆದಿಡಿ. ರಿಮೂವರ್ ವಾಸನೆ ಮುಂದಿನ ಗಣಿತದ ಅವಧಿಯವರೆಗೂ ಇತ್ತು.