ತಂಗಳು ಬೇರೆ, ಹಳಸಿದ್ದು ಬೇರೆ

ಪುಟ್ಟಿ, ಹೋದ ಭಾನುವಾರ ವಿನೋಬನಗರದ ನಿನ್ನ ಬಾಡಿಗೆ ಮನೆಗೆ ಬಂದಿದ್ದಾಗಲೇ ಈ ಮಾತು ಹೇಳಬೇಕಿತ್ತು. ನಿನ್ನ ಗೆಳತಿಯರಿದ್ದರು, ಅವರೆದುರು ಬೇಡವೆಂದು ಸುಮ್ಮನಾದೆ. ಕೈ ತೊಳೆಯಲು ಅಡುಗೆಮನೆಗೆ ಹೋದಾಗ ಕಸದ ಬುಟ್ಟಿಯಲ್ಲಿ ಮೂರು ಬನ್ನು, ಅರ್ಧ ಬ್ರೆಡ್ಡು ಕಂಡವು. ತೆಗೆದು ಮುರಿದು ನೋಡಿದೆ. ಬೂಷ್ಟು ಹಿಡಿದಿರಲಿಲ್ಲ, ಕೆಟ್ಟ ವಾಸನೆ ಇರಲಿಲ್ಲ. ಗಟ್ಟಿಯಾಗಿದ್ದವು, ಅಷ್ಟೇ. ಆಮೇಲೆ ನೀನು ದೊಡ್ಡಪ್ಪನಿಗೆ ಅಂತ ಪ್ರೀತಿಯಿಂದ ಎಗ್ ಪಫ್ಸ್ ಬಿಸಿ ಮಾಡಿ ತಂದೆ. ಹಿಂದಿನ ದಿನ ಸಂಜೆ ತಂದದ್ದು, ರಾತ್ರಿಯೆಲ್ಲ ಕಟ್ಟೆಯ ಮೇಲೇ ಇತ್ತು ಎಂದು ನೀನೇ ಹೇಳಿದೆ. ನಾನು ಅದನ್ನು ಮುಟ್ಟಲಿಲ್ಲ, ನಿನಗೂ ತಿನ್ನಬೇಡ ಎಂದೆ. ನಿನ್ನ ಮುಖ ಸಣ್ಣದಾಯಿತು. ಯಾಕೆ ಹಾಗೆಂದೆ ಎಂದು ಈಗ ಬಿಡಿಸಿ ಹೇಳುತ್ತೇನೆ. ಇಟ್ಟುಕೊಳ್ಳಬೇಕಾದದ್ದನ್ನು ನೀನು ಎಸೆದಿದ್ದೆ, ಎಸೆಯಬೇಕಾದದ್ದನ್ನು ಬಿಸಿ ಮಾಡಿದ್ದೆ.

ನಮ್ಮ ಮಾತಿನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳಿವೆ: ತಂಗಳು, ಹಳಸಿದ್ದು. ರಾತ್ರಿ ಉಳಿದ ಅನ್ನ ಬೆಳಿಗ್ಗೆಗೆ ತಂಗಳು. ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದರೆ ಮನೆಯವರೆಲ್ಲ ತಟ್ಟೆ ಹಿಡಿದು ಬರುತ್ತಾರೆ. ಅದೇ ಅನ್ನ ಲೋಳೆ ಬಿಟ್ಟು ನಾತ ಹೊಡೆದರೆ ಹಳಸಿತು, ಅದಕ್ಕೆ ಯಾವ ಒಗ್ಗರಣೆಯೂ ಇಲ್ಲ. ನಿನ್ನ ಅಜ್ಜಿ ಇದನ್ನು ಯಾವ ಪುಸ್ತಕದಿಂದಲೂ ಕಲಿತವಳಲ್ಲ, ಆದರೆ ಈ ಎರಡರಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಬೇಕರಿ ತಿಂಡಿ ಬಂದಾಗ ಮಾತ್ರ ನಿಮ್ಮ ಪೀಳಿಗೆಗೆ ಈ ವಿವೇಕ ಮರೆತುಹೋಗುತ್ತದೆ. ಗಟ್ಟಿಯಾದ ಬನ್ನು ತಂಗಳು, ಹಳಸಿದ್ದಲ್ಲ. ಮೂವತ್ತೈದು ವರ್ಷ ಭಟ್ಟಿಯ ಮುಂದೆ ನಿಂತವನ ಮಾತಿದು.

ಬನ್ನು ಗಟ್ಟಿಯಾಗುವುದು ಬರೀ ಒಣಗಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿದ್ದರೆ ಕಟ್ಟಿಟ್ಟ ಕವರಿನೊಳಗೆ ಅದು ಯಾಕೆ ಗಟ್ಟಿಯಾಗಬೇಕು? ಮೈದಾದಲ್ಲಿರುವ ಪಿಷ್ಟ ಭಟ್ಟಿಯ ಬಿಸಿಗೆ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಆರಿದ ಮೇಲೆ ಅದು ಗಂಟೆ ಗಂಟೆಗೂ ಮತ್ತೆ ಬಿಗಿದುಕೊಳ್ಳುತ್ತ ಹೋಗುತ್ತದೆ. ಫ್ರಿಡ್ಜಿನಲ್ಲಿಟ್ಟ ಅನ್ನದ ಅಗುಳು ಬಿರುಸಾಗುವುದಿಲ್ಲವೇ, ಅದೇ ಸಂಗತಿ. ಹೀಗೆ ಬಿಗಿಯುವುದು ಅತಿ ವೇಗವಾಗಿ ನಡೆಯುವುದು ಫ್ರಿಡ್ಜಿನ ತಂಪಿನಲ್ಲೇ. ನೀನು ಜೋಪಾನ ಮಾಡುತ್ತೇನೆಂದು ಬ್ರೆಡ್ಡನ್ನು ಫ್ರಿಡ್ಜಿನಲ್ಲಿಡುತ್ತೀಯ. ಬೂಷ್ಟು ತಡವಾಗಿ ಬರುತ್ತದೆ ನಿಜ, ಆದರೆ ಹೊರಗಿಟ್ಟದ್ದಕ್ಕಿಂತ ಬೇಗ ಕಲ್ಲಾಗುತ್ತದೆ. ಎರಡು ದಿನದಲ್ಲಿ ತಿಂದು ಮುಗಿಸುವುದಾದರೆ ಹೊರಗೇ ಡಬ್ಬಿಯಲ್ಲಿಡು. ಮುಗಿಯುವುದಿಲ್ಲ ಅನ್ನಿಸಿದರೆ ತಂದ ದಿನವೇ ಹೋಳುಗಳನ್ನು ಕವರಿನಲ್ಲಿ ಕಟ್ಟಿ ಫ್ರೀಜರಿಗೆ ಹಾಕು. ಐಸು ಕಟ್ಟುವ ಚಳಿಯಲ್ಲಿ ಪಿಷ್ಟವೂ ಅಲುಗದೆ ಕೂರುತ್ತದೆ. ಬೇಕಾದಾಗ ಹೋಳನ್ನು ಹಾಗೇ ತೆಗೆದು ಕಾವಲಿಯ ಮೇಲೆ ಹಾಕಿದರೆ ಆಯಿತು, ಕರಗಲು ಕಾಯಬೇಕಿಲ್ಲ.

ಬಿಗಿದುಕೊಂಡ ಈ ಪಿಷ್ಟ ಸುಮಾರು 60 ಡಿಗ್ರಿ ಬಿಸಿ ತಾಗಿದರೆ ಮತ್ತೆ ಸಡಿಲಾಗುತ್ತದೆ. ತಂಗಳು ಬನ್ನು ಬದುಕಿಬರುವ ಗುಟ್ಟು ಇಷ್ಟೇ. ಕುದಿಯುವ ನೀರಿಗೇ 100 ಡಿಗ್ರಿ, ಹಾಗಾಗಿ ಜೋರು ಉರಿ ಬೇಡವೇ ಬೇಡ. ಆದರೆ ಒಳಗೆ ನೀರಿನ ಪಸೆ ಉಳಿದಿರಬೇಕು. ಮತ್ತೆ ಆರಿದರೆ ಮೊದಲಿಗಿಂತ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ತಿನ್ನುವಷ್ಟನ್ನೇ ಬಿಸಿ ಮಾಡಬೇಕು, ಬಿಸಿ ಇರುವಾಗಲೇ ತಿನ್ನಬೇಕು. ಎರಡನೇ ಸಲ ಬಿಸಿ ಮಾಡುವ ಮಾತೇ ಇಲ್ಲ.

ನನ್ನಮ್ಮನಿಗೆ ಡಿಗ್ರಿಯ ಲೆಕ್ಕ ಗೊತ್ತಿರಲಿಲ್ಲ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ರಾತ್ರಿ ಹತ್ತರ ಪಾಳಿ ಬಿಟ್ಟು ಬರುವಾಗ ಬೇಕರಿ ಮುಚ್ಚುವ ಹೊತ್ತು, ಉಳಿದ ಬನ್ನು ಕಡಿಮೆಗೆ ಸಿಗುತ್ತಿತ್ತು. ಬೆಳಿಗ್ಗೆ ಅಮ್ಮ ಅನ್ನ ಕುದಿಯುವ ಪಾತ್ರೆಯ ಮುಚ್ಚಳವನ್ನು ಮಗುಚಿಟ್ಟು ಅದರ ಮೇಲೆ ಬನ್ನು ಜೋಡಿಸಿ ಇನ್ನೊಂದು ತಟ್ಟೆ ಮುಚ್ಚುತ್ತಿದ್ದಳು. ಕೆಳಗೆ ಅನ್ನ ಬೇಯುತ್ತಿತ್ತು, ಮೇಲೆ ಬನ್ನು ಬೆಚ್ಚಗಾಗುತ್ತಿತ್ತು. ಹಬೆ ನೇರ ತಾಗುತ್ತಿರಲಿಲ್ಲ, ಹಾಗಾಗಿ ಬನ್ನು ಒದ್ದೆಯಾಗುತ್ತಿರಲಿಲ್ಲ. ನಾಲ್ಕು ಮಕ್ಕಳು ಕುಳಿತು ಕಾಫಿಗೆ ಅದ್ದಿ ತಿನ್ನುತ್ತಿದ್ದೆವು. ಮುಂದೆ ನಾನೇ ಬೇಕರಿ ಕೆಲಸಕ್ಕೆ ಸೇರಿ ಭಟ್ಟಿಯಿಂದ ಹೊರಬಿದ್ದ ಗಳಿಗೆಯಲ್ಲಿ ಬನ್ನು ತಿಂದೆನಲ್ಲ, ಆಗ ನನಗೆ ನೆನಪಾದದ್ದು ಅಮ್ಮನ ಮುಚ್ಚಳದ ಬನ್ನೇ. ಅನ್ನದ ಪಾತ್ರೆ ಬಿಟ್ಟು ಕುಕ್ಕರು ಹಿಡಿದವಳು ನೀನು, ನಿನಗೆ ಇಡ್ಲಿ ಪಾತ್ರೆ ಸಾಕು. ನೀರು ಕುದಿ ಬಂದ ಮೇಲೆ ಬನ್ನನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಎರಡು ನಿಮಿಷ ಇಡು, ತೆಗೆದುಬಿಡು. ಮೂರನೇ ನಿಮಿಷಕ್ಕೆ ಅದು ಮುದ್ದೆಯಾಗಲು ಶುರುವಾಗುತ್ತದೆ.

ಇನ್ನು ಕಾವಲಿ. ನಿನ್ನ ಮನೆಯಲ್ಲಿರುವ ತೆಳ್ಳನೆಯ ತವಾ ನೋಡಿದೆ. ಅದು ಒಂದೇ ಜಾಗದಲ್ಲಿ ಕಾಯುತ್ತದೆ, ಮಧ್ಯದಲ್ಲಿ ಕರಿಯಾಗುತ್ತದೆ, ಅಂಚಿನಲ್ಲಿ ತಣ್ಣಗಿರುತ್ತದೆ. ಇಂಥ ಕೆಲಸಕ್ಕೆ ಬೀಡಿನ ಕಾವಲಿಯೇ ಬೇಕು. ಬೀಡುಕಬ್ಬಿಣ ನಿಧಾನವಾಗಿ ಕಾದು, ಕಾದ ಶಾಖವನ್ನು ಹಿಡಿದಿಟ್ಟುಕೊಂಡು ಸಾವಕಾಶ ಬಿಟ್ಟುಕೊಡುತ್ತದೆ. ನಮ್ಮ ಭದ್ರಾವತಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಳಬರ ಬಾಯಲ್ಲಿ ಊರಿನ ಹೆಸರೇ ಬೆಂಕಿಪುರ. 1918ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಆರಂಭಗೊಂಡ ಕಾರ್ಖಾನೆ 1923ರಲ್ಲಿ ಇದ್ದಿಲಿನ ಕುಲುಮೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ಬೀಡುಕಬ್ಬಿಣ ತೆಗೆಯಲು ತೊಡಗಿತು. ಬೆಂಕಿಯನ್ನು ಎಷ್ಟು ಕೊಡಬೇಕು, ಎಷ್ಟು ಹೊತ್ತು ಕೊಡಬೇಕು ಎಂಬ ಲೆಕ್ಕದ ಮೇಲೇ ಮೂರು ತಲೆಮಾರು ಅನ್ನ ತಿಂದ ಊರು ನಮ್ಮದು. ಉರಿ ಜೋರು ಮಾಡಿದರೆ ಕೆಲಸ ಬೇಗ ಆಗುತ್ತದೆ ಅನ್ನುವುದು ಹುಡುಗುತನ ಎಂದು ಅಪ್ಪ ಹೇಳುತ್ತಿದ್ದರು.

ಪಫ್ಸನ್ನು ಕಾವಲಿಯ ಮೇಲಿಡುವಾಗ ಈ ಮಾತು ನೆನಪಿಟ್ಟುಕೋ. ಪಫ್ಸಿನ ಪದರ ಪದರದ ನಡುವೆ ಇರುವುದು ಡಾಲ್ಡಾ ಅಥವಾ ಮಾರ್ಗರಿನ್. ಆರಿದಾಗ ಅದು ಹೆಪ್ಪುಗಟ್ಟುತ್ತದೆ, ಒಳಗಿನ ಪಲ್ಯದ ಪಸೆ ಪದರಕ್ಕೆ ಏರುತ್ತದೆ, ಗರಿಗರಿ ಇದ್ದದ್ದು ತೊಗಲಿನಂತಾಗುತ್ತದೆ. ಅದಕ್ಕೆ ಬೇಕಾದದ್ದು ಒಣ ಶಾಖ. ಎಣ್ಣೆ, ತುಪ್ಪ ಏನೂ ಸವರಬೇಡ, ಅದರೊಳಗೆ ಬೇಕಾದಷ್ಟಿದೆ. ಕಾವಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಲಿ. ಪಫ್ಸಿಟ್ಟು ಮೇಲೊಂದು ಪಾತ್ರೆ ಕವುಚು, ಆದರೆ ಪೂರ್ತಿ ಮುಚ್ಚದೆ ಹಬೆ ಹೋಗಲು ಒಂದು ಕಡೆ ಸಂದು ಬಿಡು. ಹಬೆ ಒಳಗೇ ನಿಂತರೆ ಪದರ ನೆನೆದು ಹೋಗುತ್ತದೆ. ನಾಲ್ಕು ನಿಮಿಷಕ್ಕೊಮ್ಮೆ ಮಗುಚು, ಕಡೆಗೆ ಅಂಚಿನ ಮೇಲೂ ನಿಲ್ಲಿಸು. ನಿನ್ನ ಗೆಳತಿಯ ಹತ್ತಿರ ಪುಟ್ಟ ಓವನ್ ಇದೆಯಲ್ಲ, ಅದಾದರೆ ಇನ್ನೂ ಒಳ್ಳೆಯದು: 170 ಡಿಗ್ರಿ, ಏಳೆಂಟು ನಿಮಿಷ. ಓವನ್ ಇಲ್ಲದವರು ಹಳೆಯ ಕುಕ್ಕರಿನ ತಳಕ್ಕೆ ಒಂದು ಪದರ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವೆಯ್ಟು ಎರಡನ್ನೂ ತೆಗೆದಿಟ್ಟು, ಮೇಲೆ ಸ್ಟ್ಯಾಂಡಿಟ್ಟು ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್. ನಾನು ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದೇನೆ.

ನೀನು ಪಫ್ಸ್ ಬಿಸಿ ಮಾಡಿದ್ದು ಮೈಕ್ರೋವೇವಿನಲ್ಲಿ. ಅದು ಒಳಗಿನ ನೀರನ್ನೇ ಕಾಯಿಸುತ್ತದೆ, ಆ ನೀರು ಹಬೆಯಾಗಿ ಪದರಗಳನ್ನು ಒದ್ದೆ ಮಾಡಿ ಹೊರಟುಹೋಗುತ್ತದೆ. ತಟ್ಟೆಗೆ ಬರುವಾಗ ಮೆತ್ತಗಿದ್ದದ್ದು ಎರಡು ನಿಮಿಷಕ್ಕೆ ರಬ್ಬರಾಗುತ್ತದೆ. ಒಂದು ಬನ್ನಿಗೆ ಒದ್ದೆ ಬಟ್ಟೆ ಸುತ್ತಿ ಹದಿನೈದು ಸೆಕೆಂಡು ಇಟ್ಟು ತಕ್ಷಣ ತಿನ್ನುವುದಾದರೆ ಆದೀತು. ಪಫ್ಸಿಗೆ, ಬಿಸ್ಕತ್ತಿಗೆ ಅದು ಹೇಳಿದ್ದಲ್ಲ.

ಬಿಸ್ಕತ್ತಿನ ಕತೆ ತಿರುವುಮುರುವು. ಬನ್ನು ಗಟ್ಟಿಯಾಗಿ ಕೆಡುತ್ತದೆ, ಬಿಸ್ಕತ್ತು ಮೆತ್ತಗಾಗಿ ಕೆಡುತ್ತದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು ಗಾಳಿಯ ತೇವ ಹೀರದೆ ಇರುತ್ತವೆಯೇ? ಸಣ್ಣ ಉರಿಯ ಕಾವಲಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ ತಟ್ಟೆಯಲ್ಲಿ ಹರಡಿ ಆರಲು ಬಿಡು. ಬಿಸಿಯಲ್ಲಿ ಮುಟ್ಟಿ ನೋಡಿ ಇನ್ನೂ ಮೆತ್ತಗಿದೆ ಎಂದು ಮತ್ತೆ ಉರಿಗಿಟ್ಟರೆ ಸೀದುಹೋಗುತ್ತದೆ. ಗರಿ ಬರುವುದು ಆರಿದ ಮೇಲೆ. ಬೇಯುವವರೆಗೆ ತಡೆದವರು ಆರುವವರೆಗೆ ತಡೆಯಲಿಲ್ಲ ಅನ್ನುವ ಗಾದೆ ಬಿಸ್ಕತ್ತಿಗೇ ಹುಟ್ಟಿದಂತಿದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕು. ಕ್ರೀಮಿನ ಕೇಕನ್ನು ಬಿಸಿ ಮಾಡಬೇಡ ಎಂದು ಹೇಳಬೇಕಾದ್ದಿಲ್ಲ.

ನಾವು ಬೇಕರಿಯವರು ತಂಗಳನ್ನು ಎಂದೂ ಕೀಳಾಗಿ ಕಂಡವರಲ್ಲ. ನನಗೆ ಕೆಲಸ ಕಲಿಸಿದ ಯಜಮಾನರು ಹಾಸನದ ಕಡೆಯವರು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಅವರು ಬೇಕರಿ ಇಟ್ಟ ಮೇಲೆ ಹಾಸನ ಸೀಮೆಯ ಜನ ಊರೂರಿಗೆ ಈ ವಿದ್ಯೆ ಒಯ್ದರು, ಅಯ್ಯಂಗಾರ್ ಬೇಕರಿ ಇಲ್ಲದ ಪೇಟೆ ಈಗ ಹುಡುಕಬೇಕು. ರಸ್ಕು ಮಾಡುವಾಗ ಯಜಮಾನರು ಬ್ರೆಡ್ಡನ್ನು ಅದೇ ದಿನ ಕೊಯ್ಯಲು ಬಿಡುತ್ತಿರಲಿಲ್ಲ. ಒಂದು ದಿನ ತಂಗಳಾಗಿ ಬಿಗಿದುಕೊಂಡರೇ ಹೋಳು ಪುಡಿಯಾಗದೆ ನೆಟ್ಟಗೆ ಬರುತ್ತದೆ. ಆಮೇಲೆ ಅದು ಸಣ್ಣ ಶಾಖದಲ್ಲಿ ಎರಡನೇ ಸಲ ಭಟ್ಟಿಗೆ ಹೋಗುತ್ತದೆ. ನಿನ್ನ ಬುಟ್ಟಿಯಲ್ಲಿದ್ದ ಅರ್ಧ ಬ್ರೆಡ್ಡಿನಿಂದ ಒಂದು ವಾರದ ಕಾಫಿಗೆ ರಸ್ಕು ಆಗುತ್ತಿತ್ತು, ಪುಟ್ಟಿ.

ಇಷ್ಟು ಹೇಳಿದ ಮೇಲೆ ಎಸೆಯಬೇಕಾದದ್ದರ ಮಾತು. ಇದನ್ನು ಎರಡು ಸಲ ಓದು.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ, ಚೈತ್ರದ ಬಿಸಿಲು. ಒಂದು ಬೆಳಿಗ್ಗೆ ಹಿಂದಿನ ದಿನದ ಬ್ರೆಡ್ಡಿನಿಂದ ಕೊಳೆಯಲು ಬಂದ ಅನಾನಸಿನಂಥ ಸಿಹಿ ವಾಸನೆ ಬಂತು. ಹೊರಗಿನಿಂದ ನೋಡಿದರೆ ಚಿನ್ನದಂಥ ಬ್ರೆಡ್ಡು. ಎಸೆನ್ಸು ಹೆಚ್ಚಾಗಿರಬೇಕು ಎಂದು ನಾನು ಗಾಡಿಗೆ ತುಂಬಲು ಹೊರಟಿದ್ದೆ. ಯಜಮಾನರು ತಡೆದು ಒಂದನ್ನು ಮುರಿದರು. ಒಳಗೆ ಅಂಟು ಅಂಟು, ಎಳೆದರೆ ಜೇಡರ ಬಲೆಯಂಥ ನೂಲು. ಹಿಟ್ಟಿನಲ್ಲೇ ಬರುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜ ಭಟ್ಟಿಯ ಬಿಸಿಗೂ ಸಾಯದೆ ಉಳಿದು, ಸೆಕೆಯಲ್ಲಿ ಬ್ರೆಡ್ಡನ್ನು ಒಳಗೇ ಕೊಳೆಸಿರುತ್ತದೆ. ಅಷ್ಟೂ ಬ್ರೆಡ್ಡನ್ನು ಊರಾಚೆ ಗುಂಡಿ ತೆಗೆದು ಹೂತೆವು. ಹಲಗೆ, ತಟ್ಟೆ, ಹಿಟ್ಟಿನ ತೊಟ್ಟಿ ಎಲ್ಲವನ್ನೂ ವಿನೆಗರ್ ಹಾಕಿ ಎರಡು ದಿನ ತೊಳೆದೆವು. ಅಂದು ನಾನು ಮೂಗಿನ ಮಾತು ಕೇಳದೆ ಗಾಡಿ ಕಳಿಸಿದ್ದರೆ ಆ ಬ್ರೆಡ್ಡು ಎಷ್ಟು ಮನೆಯ ಮಕ್ಕಳ ಕೈಗೆ ಹೋಗುತ್ತಿತ್ತೋ. ಇಂದಿಗೂ ಬ್ರೆಡ್ಡನ್ನು ಮೂಸದೆ ಬಾಯಿಗಿಡುವುದಿಲ್ಲ.

ಬೂಷ್ಟು ಕಂಡರೆ ಅಷ್ಟು ಭಾಗ ಕಿತ್ತುಹಾಕಿ ಉಳಿದದ್ದನ್ನು ಸುಟ್ಟು ತಿನ್ನುವವರಿದ್ದಾರೆ. ಹಾಗೆ ಮಾಡಬೇಡ. ಮೇಲೆ ಕಾಣುವ ಹಸಿರು ಅದರ ಹೂವು ಮಾತ್ರ, ಬೇರು ಮೆತ್ತನೆ ಬ್ರೆಡ್ಡಿನೊಳಗೆ ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಮೂಗಿಗೂ ತಿಳಿಯದ ಹಳಸು ಒಂದಿದೆ. ಮೊಟ್ಟೆ, ಕೋಳಿ, ಆಲೂಗಡ್ಡೆ ಪಲ್ಯ, ಹಸಿ ಕಾಯಿತುರಿ ಇವು ಒಳಗಿದ್ದರೆ ಅದು ಬೇಕರಿ ತಿಂಡಿಯಲ್ಲ, ಅಡುಗೆ ಎಂದು ತಿಳಿ. ಪಫ್ಸು, ಆಲೂ ಬನ್ನು, ಕಾಯಿ ತುಂಬಿದ ದಿಲ್‌ಪಸಂದು ಎಲ್ಲಕ್ಕೂ ಇದೇ ಮಾತು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಆಗಲೇ ಎಷ್ಟು ಹೊತ್ತು ಕುಳಿತಿತ್ತು ಎಂಬುದನ್ನೂ ಲೆಕ್ಕಕ್ಕೆ ತಗೋ. ಉಳಿಯುತ್ತದೆ ಅನ್ನಿಸಿದರೆ ಬಂದ ಕೂಡಲೇ ಫ್ರಿಡ್ಜಿಗೆ ಹಾಕಿ, ಮರುದಿನ ಒಳಗಿನ ಪಲ್ಯ ಹೊಗೆಯಾಡುವಷ್ಟು ಬಿಸಿ ಮಾಡಿ ತಿನ್ನು. ಬನ್ನಿಗೆ ಫ್ರಿಡ್ಜು ಬೇಡ ಅಂದೆ, ಇದಕ್ಕೆ ಬೇಕೇ ಬೇಕು. ರಾತ್ರಿಯೆಲ್ಲ ಕಟ್ಟೆಯ ಮೇಲಿದ್ದದ್ದನ್ನು ಎಷ್ಟು ಕಾಯಿಸಿದರೂ ಪ್ರಯೋಜನವಿಲ್ಲ. ಜೀವಿ ಸತ್ತರೂ ಕೆಲವು ಜೀವಿಗಳು ಬಿಟ್ಟ ವಿಷ ಬಿಸಿಗೆ ಹೋಗುವುದಿಲ್ಲ. ಅದಕ್ಕೇ ನಿನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದು. ನಿನ್ನ ಪ್ರೀತಿಯನ್ನು ಸರಿಸಿದ್ದಲ್ಲ.

ಬರುವ ಭಾನುವಾರ ಜನ್ನಾಪುರದ ನಮ್ಮ ಮನೆಗೆ ಬಾ. ನಿನ್ನ ಅಜ್ಜಿಯ ಬೀಡಿನ ಕಾವಲಿಯನ್ನು ಉಜ್ಜಿ ತೊಳೆದು ಎಣ್ಣೆ ಸವರಿ ನಿನಗಾಗಿ ತೆಗೆದಿಟ್ಟಿದ್ದೇನೆ. ಶನಿವಾರ ಸಂಜೆಯೇ ಬನ್ನು ತಂದಿಡುತ್ತೇನೆ, ನನ್ನೆದುರಿಗೇ ಬಿಸಿ ಮಾಡುವೆಯಂತೆ. ಕಾವಲಿ ತೂಕವಿದೆ, ಬಸ್ಸಿನಲ್ಲಿ ಒಯ್ಯಲು ಗಟ್ಟಿ ಚೀಲ ತಗೊಂಡು ಬಾ.