ಎಂಜಿನ್‌ನಿಂದ ಹಾಯಿಗೆ: ಮೊದಲ ಪಾಠಗಳು

ಮೋಟಾರು ದೋಣಿ ಓಡಿಸಿ ಬಲ್ಲವರು ಹಾಯಿದೋಣಿ ಕಲಿಯಲು ಬಂದರೆ ನನಗೆ ಸಂತೋಷ. ಅಲೆ, ಆಳ, ಉಬ್ಬರವಿಳಿತ, ಲಂಗರು ಹಾಕುವ ಬಗೆ ಎಲ್ಲವೂ ಅವರಿಗೆ ಆಗಲೇ ಗೊತ್ತಿರುತ್ತವೆ. ಹೊಸದಾಗಿ ರೂಢಿಸಿಕೊಳ್ಳಬೇಕಾದದ್ದು ಮುಖ್ಯವಾಗಿ ಒಂದು: ಏನೇ ಮಾಡುವ ಮೊದಲೂ ಗಾಳಿ ಎತ್ತಣಿಂದ ಬರುತ್ತಿದೆ ಎಂದು ನೋಡುವುದು. ಬಾವುಟ, ನೀರಿನ ಮೇಲಿನ ಸಣ್ಣ ಸುಕ್ಕು, ಕೆನ್ನೆಗೆ ತಾಗುವ ತಂಪು ಮೂರೂ ಅದನ್ನು ಹೇಳುತ್ತವೆ.

ಎಂಜಿನ್ ಇದ್ದರೆ ಎದುರುಗಾಳಿಗೂ ನೇರ ನುಗ್ಗಬಹುದು. ಹಾಯಿಗೆ ಅದು ಆಗದು. ಗಾಳಿ ಬರುವ ದಿಕ್ಕಿನ ಎಡಬಲಗಳಲ್ಲಿ ಸುಮಾರು 45 ಡಿಗ್ರಿಯೊಳಗೆ ಹಾಯಿ ಬರೀ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. ಆದ್ದರಿಂದ ಎದುರಿನ ಗುರಿಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು. ಹೀಗೆ ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಿ ತಿರುಗುವುದೇ ಟ್ಯಾಕಿಂಗ್. ಅದಕ್ಕೆ ವೇಗ ಬೇಕು. ನೀರು ಹರಿದು ತಾಗುತ್ತಿದ್ದರೆ ಮಾತ್ರ ಚುಕ್ಕಾಣಿ ಕೆಲಸ ಮಾಡುತ್ತದೆ. ನಿಧಾನವಾಗಿ ತಿರುಗಲು ಹೋದರೆ ನಡುವೆಯೇ ಸಿಕ್ಕಿಬೀಳುತ್ತೀರಿ.

ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಹಿಡಿಯಿರುವ ಔಟ್‌ಬೋರ್ಡ್ ಎಂಜಿನ್ ನಡೆಸಿದವರಿಗೆ ಇದು ಹೊಸದಲ್ಲ. ಸ್ಟಿಯರಿಂಗ್ ಚಕ್ರಕ್ಕೆ ಒಗ್ಗಿದವರು ಮಾತ್ರ ಕೈಯನ್ನು ಮತ್ತೆ ಪಳಗಿಸಬೇಕು.

ಇಲ್ಲಿ ರಿವರ್ಸ್ ಗೇರ್ ಇಲ್ಲ. ಹಾಗಾಗಿ ಓಡಿಸುವುದಕ್ಕಿಂತ ಮೊದಲು ನಿಲ್ಲಿಸಲು ಕಲಿಯಿರಿ. ಗಾಳಿ ಪಕ್ಕದಿಂದ ಬರುವಂತೆ ದೋಣಿಯನ್ನು ತಿರುಗಿಸಿ ಹಾಯಿಯ ಹಗ್ಗ ಸಡಿಲ ಬಿಡಿ. ಹಾಯಿಯಲ್ಲಿನ ಬಲ ಹೋಗುತ್ತದೆ, ದೋಣಿ ನಿಲ್ಲುತ್ತದೆ. ದೋಣಿ ವಾಲಿದಾಗಲೂ ಇದೇ ಮದ್ದು. ಮೋಟಾರು ದೋಣಿ ವಾಲಿದರೆ ಎದೆ ಝಲ್ಲೆನ್ನುತ್ತದೆ. ಹಾಯಿದೋಣಿ ವಾಲುವುದು ಸಹಜ. ಹೆಚ್ಚಾಯಿತೆನಿಸಿದರೆ ಹಗ್ಗ ಬಿಡಿ, ಮೈಭಾರವನ್ನು ಗಾಳಿಯ ಬದಿಗೆ ಸರಿಸಿ. ಗಾಳಿ ಹಿಂದಿನಿಂದ ಬರುವಾಗ ಮಾತ್ರ ಎಚ್ಚರ: ಹಾಯಿಯ ಕೆಳಗಿನ ಅಡ್ಡಕೋಲು ರಭಸದಿಂದ ಆಚೆ ಬದಿಗೆ ಬೀಸಿ ತಲೆಗೆ ಬಡಿಯಬಹುದು.

ದೊಡ್ಡ ದೋಣಿಯಲ್ಲಿ ಶುರುಮಾಡುವ ಆಸೆ ಸಹಜ. ಆದರೂ ಸಣ್ಣ ಡಿಂಗಿಯೇ ಒಳ್ಳೆಯ ಗುರು. ಲೇಸರ್ ಎಂದು ಹೆಸರಾದ ಡಿಂಗಿಯ ಉದ್ದ 4.23 ಮೀಟರ್, ಒಂದೇ ಹಾಯಿ, ಒಬ್ಬರೇ ನಾವಿಕರು. ನೀವು ಹಗ್ಗ ಎಳೆದರೂ, ಅತ್ತಿತ್ತ ಜರುಗಿದರೂ ಅದರ ಫಲ ಆ ಕ್ಷಣದಲ್ಲೇ ತಿಳಿಯುತ್ತದೆ. ದೊಡ್ಡ ದೋಣಿಯಲ್ಲಿ ತಪ್ಪು ತಡವಾಗಿ ತಿಳಿಯುತ್ತದೆ, ದುಬಾರಿಯೂ ಆಗುತ್ತದೆ. ಮೊದಲ ದಿನಗಳಲ್ಲೇ ಲೈಫ್ ಜಾಕೆಟ್ ತೊಟ್ಟು, ತರಬೇತುದಾರರ ಎದುರು ಡಿಂಗಿಯನ್ನು ಬೇಕೆಂದೇ ಮಗುಚಿ, ತಳದ ಹಲಗೆಯ ಮೇಲೆ ನಿಂತು ಎತ್ತುವ ಅಭ್ಯಾಸ ಮಾಡಿ. ಭಯ ಅಲ್ಲಿಗೆ ಅರ್ಧ ಇಳಿಯುತ್ತದೆ.

ಕಲಿಯಲು ಸಮುದ್ರವೇ ಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲೂ ಸೇನೆಯವರು ಹಾಯಿ ಕಲಿತಿದ್ದಾರೆ. ಗಂಟೆಗೆ 13ರಿಂದ 18 ಕಿ.ಮೀ. ಗಾಳಿ ಹೊಸಬರಿಗೆ ಹಿತ. ಎಲ್ಲೆಡೆ ಬಿಳಿ ನೊರೆ ಏಳತೊಡಗಿದರೆ ದಡ ಸೇರಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಬೆಳಗಿನ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ, ಮಧ್ಯಾಹ್ನದ್ದು ಕಡಲಿನಿಂದ ನೆಲಕ್ಕೆ. ದಡದಿಂದ ಹೊರಕ್ಕೆ ಬೀಸುವ ಗಾಳಿ ಹೊಸಬರನ್ನು ದೂರ ಒಯ್ಯುತ್ತದೆ, ಆಗ ಹೊರಡಬೇಡಿ.

ನಿಯಮಗಳನ್ನೂ ಹೊಸ ಕಣ್ಣಿನಿಂದ ಓದಿ. ಸಾಮಾನ್ಯವಾಗಿ ಮೋಟಾರು ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು. ಆದರೆ ಹಿಂದಿನಿಂದ ಬಂದು ದಾಟುವವರು ಹಾಯಿಯಲ್ಲಿದ್ದರೂ ತಾವೇ ದೂರ ಸರಿಯಬೇಕು. ಹಾಯಿ ಏರಿಸಿದ್ದರೂ ಎಂಜಿನ್ ಬಳಸಿ ಸಾಗುತ್ತಿದ್ದರೆ ನಿಮ್ಮದು ಮೋಟಾರು ದೋಣಿಯೇ. ಎರಡು ಹಾಯಿದೋಣಿಗಳು ಎದುರಾದಾಗ, ಎಡಬದಿಗೆ ಗಾಳಿ ಪಡೆಯುತ್ತಿರುವುದು ದಾರಿ ಬಿಡಬೇಕು.

ಡಿಂಗಿ ಕೈಗೆ ಬಂದ ಮೇಲೆ ದೊಡ್ಡ ಹಾಯಿದೋಣಿಯಲ್ಲಿ ಅನುಭವಿಗಳ ಜೊತೆ ಕೆಲಸಗಾರರಾಗಿ ಹೋಗಿ. ಅದನ್ನು ಎಂಜಿನ್ ಹಾಕಿ ಧಕ್ಕೆಗೆ ತಾಗಿಸುವ ಹೊತ್ತಿಗೆ ನಿಮ್ಮ ಹಳೆಯ ವಿದ್ಯೆಯೂ ನೆರವಿಗೆ ಬರುತ್ತದೆ. ಅಲ್ಲಿಯವರೆಗೆ ದೂರದ ಗುರಿ ಬೇಡ: ಹೊರಟ ದಡಕ್ಕೇ, ಯಾರೂ ಎಳೆದು ತರದೆ, ಗಾಳಿಯ ಬಲದಿಂದಲೇ ಮರಳಿದಿರಾದರೆ ಮೊದಲ ಪಾಠ ಕಲಿತಂತೆ.